ಗೇಣುದ್ದದ ಮದರ್‌ಬೋರ್ಡು

ಚರ್ಚಾಸ್ಪರ್ಧೆಯಲ್ಲಿ ಪಳಗಿದವರನ್ನು ಮನೆಯೊಳಗೆ ಇಟ್ಟುಕೊಳ್ಳುವ ಮುನ್ನ ಹತ್ತು ಸಲ ಯೋಚಿಸಬೇಕು. ಸಿರಿಗೆರೆಯ ಹಾಸ್ಟೆಲಿನಲ್ಲಿದ್ದಾಗ ನಾನು ಕಲಿತ ಮುಖ್ಯ ವಿದ್ಯೆ ಇದೇ: ವಿಷಯ ಯಾವುದಾದರೂ ಇರಲಿ, ‘ಪರ’ ಎಂದು ಚೀಟಿ ಬಂದರೆ ಪರ, ‘ವಿರೋಧ’ ಎಂದು ಬಂದರೆ ವಿರೋಧ, ಎರಡಕ್ಕೂ ಅಷ್ಟೇ ಆವೇಶ. ಹೊಳಲ್ಕೆರೆಯ ಮನೆಯಲ್ಲಿ ಚೀಟಿ ಎತ್ತಿಸುವವರಿಲ್ಲ. ಹಾಗಾಗಿ ಎರಡೂ ಕಡೆ ನಾನೇ ಮಾತಾಡಿ, ಎರಡೂ ಕಡೆ ನಾನೇ ಗೆದ್ದು, ಕಡೆಗೆ ಉಪ್ಪಿಟ್ಟು ಮಾಡುವುದೋ ಮಂಡಕ್ಕಿ ಕಲಸುವುದೋ ತೀರ್ಮಾನವಾಗದೆ ಹಸಿದು ಕೂರುತ್ತೇನೆ. “ಇವಳ ಬಾಯಿಗೆ ಬಿದ್ದ ಮಾತು ಕುರಿ ಬಾಯಿಗೆ ಬಿದ್ದ ಸೊಪ್ಪು. ಅಗಿಯಾದೇ ಅಗಿಯಾದು” ಎನ್ನುತ್ತಾಳೆ ಅವ್ವ. ನಮ್ಮದು ಕುರಿ ಸಾಕಿದ ಮನೆತನ. ಹೋಲಿಕೆಯನ್ನು ಪ್ರಶ್ನಿಸುವ ಹಾಗಿಲ್ಲ.

ಇಂಥ ನಾನು ಮದುವೆಯ ವಿಡಿಯೊಗಳನ್ನು ಕತ್ತರಿಸಿ ಜೋಡಿಸುವ ಕೆಲಸ ಹಿಡಿದೆ. ಹಳೆಯ ಲ್ಯಾಪ್‌ಟಾಪು ಧಾರೆಯ ಹೊತ್ತಿಗೆ ಸರಿಯಾಗಿ ಉಸಿರು ಕಟ್ಟಿ ನಿಲ್ಲುತ್ತಿತ್ತು. ಬಿಡಿಭಾಗ ತರಿಸಿ ನಾನೇ ಒಂದು ಕಂಪ್ಯೂಟರ್ ಜೋಡಿಸುವುದೆಂದು ಹೊರಟೆ. ಉಳಿದ ಭಾಗಗಳ ಆಯ್ಕೆಯೆಲ್ಲ ಸಲೀಸಾಗಿ ಮುಗಿಯಿತು. ಮದರ್‌ಬೋರ್ಡಿನ ಅಳತೆ ಬಂದಾಗ ಸಿಕ್ಕಿಕೊಂಡೆ. ಅದರಲ್ಲಿ ದೊಡ್ಡದು, ನಡುವಿನದು, ಚಿಕ್ಕದು ಎಂದು ಮೂರು ಬಗೆ. ದೊಡ್ಡದರಲ್ಲಿ ಮುಂದೆ ಏನೇನೋ ಸಿಕ್ಕಿಸಲು ಖಾಲಿ ಜಾಗ ಹೆಚ್ಚು. ಚಿಕ್ಕದರಲ್ಲಿ ಆ ಸವಲತ್ತೇ ಇಲ್ಲ. ಚಿತ್ರದುರ್ಗದ ಅಂಗಡಿಯವರನ್ನು ಕೇಳಿದರೆ, “ದೊಡ್ಡದೇ ತಗಳ್ರಿ ಮೇಡಂ, ಮುಂದೆ ಬೇಕಾಗ್ತದೆ” ಎಂದರು. ಮುಂದೆ ಬೇಕಾಗುತ್ತದೆ ಎನ್ನುವ ಮಾತಿನ ಬಗ್ಗೆ ನನಗೆ ಮೊದಲಿಂದಲೂ ಅನುಮಾನ. ನಮ್ಮ ಅಟ್ಟದ ಮೇಲೆ ಹಿಡಿ ಮುರಿದ ಮಿಕ್ಸಿ ಜಾರು, ಒಂಟಿ ಕಾಲಿನ ಸ್ಟೂಲು, ಯಾವ ಬೀಗದ್ದೆಂದು ಯಾರಿಗೂ ತಿಳಿಯದ ಬೀಗದಕೈಗಳ ಗೊಂಚಲು, ಎಲ್ಲವೂ ಮುಂದೆ ಬೇಕಾಗುವುದಕ್ಕಾಗಿಯೇ ಕಾಯುತ್ತಿವೆ. ಆ ‘ಮುಂದೆ’ ಇನ್ನೂ ಬಂದಿಲ್ಲ. ಇಷ್ಟು ವಾದಿಸಿ, ಮರುಗಳಿಗೆಯಲ್ಲೇ “ಒಂದು ವೇಳೆ ಬಂದುಬಿಟ್ಟರೆ?” ಎಂದು ಎದುರು ಪಕ್ಷಕ್ಕೆ ಹಾರಿದೆ.

ಇದೆಲ್ಲ ಬರೀ ಮದರ್‌ಬೋರ್ಡೆಂಬ ಹಲಗೆಯ ಪ್ರಶ್ನೆಯಾಗಿದ್ದರೆ ಎಷ್ಟು ದಿನ ಬೇಕಾದರೂ ಅಗಿಯಬಹುದಿತ್ತು. ಹಲಗೆ ದೊಡ್ಡದಾದರೆ ಅದನ್ನಿಡುವ ಡಬ್ಬಿ ದೊಡ್ಡದು, ಡಬ್ಬಿಗೆ ಮೇಜು ಬೇಕು, ಮೇಜಿಗೆ ಜಾಗ ಬೇಕು. ನಮ್ಮ ಮನೆಯಲ್ಲಿ ನಂಬಿಕೆಗೆ ಅರ್ಹವಾದ ಪ್ಲಗ್ ಇರುವುದು ಪಡಸಾಲೆಯ ಕಿಟಕಿ ಪಕ್ಕ, ಅದರ ಕೆಳಗೇ ಅಜ್ಜಿಯ ಮಂಚ. ಅಪ್ಪನ ತಾಯಿಯಾದ ಈ ಅಜ್ಜಿಗೆ ಆ ಕಿಟಕಿಯೇ ಊರು. ಯಾರ ಮನೆಗೆ ನೆಂಟರು ಬಂದರು, ಯಾವ ಸೊಸೆ ಮುಖ ಊದಿಸಿಕೊಂಡು ತವರಿನ ಬಸ್ಸಿಗೆ ಹೊರಟಳು, ಎಲ್ಲ ಅಲ್ಲಿಂದಲೇ ತಿಳಿಯಬೇಕು. “ಅಜ್ಜಿ ಮಂಚ ಹಿಂದಿನ ಕೋಣೆಗೆ ಹಾಕಾಣ, ಅಲ್ಲಿ ತಂಪೈತೆ” ಎಂದರು ಅಪ್ಪ. ಹಿಂದಿನ ಕೋಣೆಯಲ್ಲಿ ತಂಪೂ ಇದೆ, ಕತ್ತಲೂ ಇದೆ, ಕಿಟಕಿಯೊಂದಿಲ್ಲ. ಅಜ್ಜಿ ಕಂಬಳಿ ಕೊಡವಿ ಮತ್ತೆ ಹಾಸಿಕೊಂಡಳು. ಬೈದಿದ್ದರೆ ಎದುರುತ್ತರ ಕೊಡಬಹುದಿತ್ತು.

ಮಾರನೆಯ ದಿನ ಅವಳೇ ಕರೆದು ಕೇಳಿದಳು. “ಮದರ್‌ಬೋರ್ಡು ಅಂದ್ರೆ ಏನಲೇ?”

“ಕಂಪ್ಯೂಟರಿನ ತಾಯಿ ಇದ್ದಂಗೆ ಅಜ್ಜಿ. ಎಲ್ಲಾ ಅದರ ಮೇಲೇ ಕುಂತಿರ್ತವೆ.”

“ತಾಯಿ ಮ್ಯಾಲೆ ಎಲ್ಲಾರೂ ಕುಂತೇ ಇರ್ತಾರೆ, ಅದೇನು ಹೊಸದಾ? ಎಷ್ಟುದ್ದ ಐತೆ?”

ಮಿಲಿಮೀಟರಿನಲ್ಲಿ ಹೇಳಿದೆ. “ಆ ಲೆಕ್ಕ ಬ್ಯಾಡ, ಕೈಯಾಗೆ ತೋರ್ಸು” ಎಂದಳು. ಮಂಚದ ಮೇಲೆ ಕೈ ಚಾಚಿ ತೋರಿಸಿದೆ. ದೊಡ್ಡದರ ಉದ್ದ ಒಂದು ಗೇಣು ನಾಲ್ಕು ಬೆರಳು. ನಡುವಿನದು ಎತ್ತ ಅಳೆದರೂ ಒಂದೊಂದು ಗೇಣು. ಚಿಕ್ಕದು ಹೆಬ್ಬೆರಳಿನಿಂದ ತೋರುಬೆರಳಿನವರೆಗೆ, ಒಂದು ಚೋಟು.

“ಚೋಟುದ್ದದ್ದು ಸಾಲಲ್ವಾ?”

“ಮುಂದೆ ಬೇಕಾಗ್ತದೆ ಅಜ್ಜಿ.”

“ಚಿಕ್ಕ ತಾಯಿಗೆ ದೊಡ್ಡ ಮಕ್ಕಳು ಹುಟ್ಟಲ್ಲೇನು? ನಾನು ಇಷ್ಟೇ ಇದೀನಿ. ನಿಮ್ಮಪ್ಪನ್ನ ನೋಡು, ದಿನಾ ಬಾಗಿಲಿಗೆ ತಲೆ ಬಡ್ಕಂತಾನೆ.”

“ಹೋಲಿಕೆ ಸಾಕ್ಷಿಯಾಗಲ್ಲ ಅಜ್ಜಿ” ಎಂದೆ. “ಆತು ಬಿಡವ್ವ” ಎಂದು ಅವಳು ಕಿಟಕಿಯ ಕಡೆ ತಿರುಗಿದಳು. ವೇದಿಕೆಯ ಮೇಲೆ ಎದುರಾಳಿ ಹೀಗೆ ಸುಮ್ಮನಾದರೆ ಚಪ್ಪಾಳೆ ಬೀಳುತ್ತದೆ. ಇಲ್ಲಿ ನನಗೆ ಅನ್ನ ಸೇರಲಿಲ್ಲ.

ಎರಡೂ ಪಕ್ಷಕ್ಕೆ ನ್ಯಾಯವೆಂದು ನಡುವಿನದನ್ನು ಆರಿಸಿದೆ. ಅದಕ್ಕೂ ಮಂಚದ ಅರ್ಧ ಜಾಗ ಬೇಕಿತ್ತು. “ಅರ್ಧ ಮಂಚ ಕೊಯ್ಯಾಕಾಗ್ತದಾ?” ಎಂದರು ಅಪ್ಪ. ಮಂಚ ಹೋಗುವುದೇ ಖಾಯಂ ಆಯಿತು. ಅಂಗಡಿಗೆ ಫೋನ್ ಮಾಡಿದಾಗ ತಲೆಯಲ್ಲಿ ಗೇಣು ಚೋಟುಗಳೇ ತುಂಬಿದ್ದವು.

“ಗೇಣುದ್ದದ್ದು ಕಳಿಸ್ರಿ. ಅದಕ್ಕೆ ತಕ್ಕ ಡಬ್ಬಿನೂ ಇರ್ಲಿ.”

“ಗೇಣುದ್ದದ್ದಾ? ಖಾತ್ರಿನಾ ಮೇಡಂ? ಆಮೇಲೆ ಜಗಳ ತೆಗೀಬಾರ್ದು ನೋಡ್ರಿ.”

“ನಾನ್ಯಾಕ್ರಿ ಜಗಳ ತೆಗೀಲಿ?” ಎಂದು ಜಗಳದ ದನಿಯಲ್ಲೇ ಕೇಳಿದೆ.

ಪಾರ್ಸೆಲ್ಲು ಬಸ್ಸಿನಲ್ಲಿ ಬಂತು. ಅಪ್ಪ ಲುಂಗಿ ಎತ್ತಿ ಕಟ್ಟಿ ಮಂಚದ ಒಂದು ತುದಿ ಹಿಡಿದರು, ಅವ್ವ ಇನ್ನೊಂದು ತುದಿ. ಅಜ್ಜಿ ಕಂಬಳಿ ಮಡಚಿ ಎದೆಗವಚಿಕೊಂಡು ಬಾಗಿಲ ಬಳಿ ನಿಂತಿದ್ದಳು. ನಾನು ಪೆಟ್ಟಿಗೆ ಬಿಚ್ಚಿದೆ. ಒಳಗಿದ್ದ ಹಲಗೆ ಚೋಟುದ್ದ. ಡಬ್ಬಿಯೂ ಅದಕ್ಕೆ ತಕ್ಕ ಕುಳ್ಳ. ತಕ್ಷಣ ಫೋನ್ ಹಚ್ಚಿ ರೇಗಿದೆ.

“ನೀವೇ ಹೇಳಿದ್ರಲ್ರಿ ಗೇಣುದ್ದದ್ದು ಅಂತ!” ಅಂಗಡಿಯವರೂ ರೇಗಿದರು. “ಗೇಣುದ್ದದ್ದು ಅಂದ್ರೆ ಎಲ್ಲಕ್ಕಿಂತ ಚಿಕ್ಕದು ತಾನೆ? ನಮ್ಮ ಮತ್ತೋಡು ಕಡೆ ಗೇಣುದ್ದದ ಹುಡುಗ ಅಂದ್ರೆ ಟೇಪು ಹಿಡ್ದು ಅಳೀತಾರೇನ್ರಿ? ಬ್ಯಾಡಾದ್ರೆ ವಾಪಸ್ ಕಳಿಸ್ರಿ, ಬದಲಾಯಿಸಿ ಕೊಡಾಣ.”

ಬಾಯಲ್ಲಿ ವಾದ ಸಿದ್ಧವಾಗಿಯೇ ಇತ್ತು. ಅಷ್ಟರಲ್ಲಿ ಅವ್ವ ಮಂಚದ ತನ್ನ ತುದಿ ಇಳಿಸಿ ಬಂದು, ಆ ಕುಳ್ಳ ಡಬ್ಬಿಯನ್ನು ಎತ್ತಿ ಮಂಚದ ಮೇಲಿನ ಗೋಡೆಯ ಗೂಡಿನಲ್ಲಿಟ್ಟು ನೋಡಿದಳು. ಅಲ್ಲೇ ಹುಟ್ಟಿದ ಹಾಗೆ ಕೂತಿತು. ಅಪ್ಪ ತಮ್ಮ ತುದಿಯನ್ನೂ ಧೊಪ್ಪೆಂದು ಕೆಳಗಿಳಿಸಿದರು. ಅಜ್ಜಿ ಯಾರನ್ನೂ ಕೇಳದೆ ಬಂದು ಕಂಬಳಿ ಹಾಸಿ ಕುಂತಳು.

“ಬ್ಯಾಡ್ರಿ, ಇದೇ ಇರ್ಲಿ” ಎಂದು ಫೋನ್ ಇಟ್ಟೆ. ನನ್ನಿಂದ ಇತ್ಯರ್ಥವಾಗದ ವ್ಯಾಜ್ಯವನ್ನು ಒಂದು ತಪ್ಪು ತಿಳಿವಳಿಕೆ ಇತ್ಯರ್ಥ ಮಾಡಿತ್ತು. ಆ ಹಗುರವನ್ನು ಏನೆಂದು ಹೇಳಲಿ! ಹೊಟ್ಟೆ ತುಂಬ ಉಂಡು, ಎರಡನೇ ಸಲ ಸಾರು ಹಾಕಿಸಿಕೊಂಡೆ.

ಈಗ ಸ್ಕ್ರೀನು ಗೋಡೆಗೆ ತೂಗಿದೆ. ನಾನು ಅಜ್ಜಿಯ ಮಂಚದ ಕಾಲ್ದೆಸೆಯಲ್ಲಿ ಕೂತು, ಕೀಲಿಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ಕೆಲಸ ಮಾಡುತ್ತೇನೆ. ಧಾರೆ ಒಂದು ಸಲವೂ ನಿಂತಿಲ್ಲ. ಆದರೆ ಯಾವ ಕಿಟಕಿಗಾಗಿ ಇಷ್ಟೆಲ್ಲ ನಡೆಯಿತೋ ಆ ಕಿಟಕಿಗೆ ಅಜ್ಜಿ ಬೆನ್ನು ಹಾಕಿದ್ದಾಳೆ. ಬೀದಿಯಲ್ಲಿ ದಿನಕ್ಕೊಂದು ನೆಂಟಸ್ತನ ಕಂಡರೆ ಹೆಚ್ಚು, ಇಲ್ಲಿ ಮದುವೆಗಳ ಸುಗ್ಗಿ. “ನಿಲ್ಸಲೇ, ಈಕಿ ತಾಳ್ಯದೋರ ಮಗಳಲ್ವಾ? ಹಿಂದಕ್ಕೆ ಹಾಕು. ಆ ಬೀಗರು ಊಟಕ್ಕೆ ಯಾಕೆ ಕುಂತಿಲ್ಲ? ಮುಂದಕ್ಕೆ ಹಾಕು.” ನಾನು ಹಿಂದಕ್ಕೆ ಹಾಕುತ್ತೇನೆ, ಮುಂದಕ್ಕೂ ಹಾಕುತ್ತೇನೆ. ಕೆಲಸ ಸಾಗುತ್ತಿಲ್ಲ. ಹಳೆಯ ಲ್ಯಾಪ್‌ಟಾಪನ್ನೇ ತಗೊಂಡು ಹಿಂದಿನ ಕೋಣೆಗೆ ಹೋಗಿಬಿಡಲೇ ಎಂದು ಮೊನ್ನೆ ಯೋಚಿಸಿದೆ. ಅಲ್ಲಿ ತಂಪೈತೆ.