ಉದ್ದಣ್ಣನ ‘ನಿಮ್ಮಿಷ್ಟ’

ಉದ್ದಣ್ಣನಿಗೆ ಫಜೀತಿ ತಂದದ್ದು ಒಂದೇ ಒಂದು ಮಾತು: ‘ನಿಮ್ಮಿಷ್ಟ’. ಅಂಗಡಿಯವನು ಚಪ್ಪಲಿ ತೋರಿಸಿ ಯಾವುದು ಕೊಡಲಿ ಎಂದರೂ ಹಾಗೇ ಹೇಳಿ, ಒಂದು ಅಳತೆ ಚಿಕ್ಕದನ್ನೇ ಹಾಕಿಕೊಂಡು ಕುಂಟುತ್ತ ಮನೆಗೆ ಬಂದ ಪುಣ್ಯಾತ್ಮ ಅವನು.

ಮನೆಗೇ ಹೋಗಿ ಆರೈಕೆ ಮಾಡುವ ಸಂಸ್ಥೆಗೆ ಸೇರಿದಾಗ ಮೇಲ್ವಿಚಾರಕಿ ಹೇಳಿದ್ದರು: “ಅವರ ಮನೆ, ಅವರ ಮೈ, ಅವರ ದಿನ. ಏನು ಮಾಡೋದಿದ್ರೂ ಮೊದ್ಲು ಅವರನ್ನ ಕೇಳಬೇಕು.” ತಾನು ಹುಟ್ಟಿದ್ದೇ ಈ ಕೆಲಸಕ್ಕೆ ಎಂದು ಉದ್ದಣ್ಣ ಹಿರಿಹಿರಿ ಹಿಗ್ಗಿದ.

ಇಂದು ಟೈಲರ್ ಮಾಸ್ಟರ ಮನೆಯಲ್ಲಿ ಅವನ ಪರೀಕ್ಷೆಯ ದಿನ. ಮಧ್ಯಾಹ್ನ ಮೇಲ್ವಿಚಾರಕಿ ಬಂದಾಗ ಮಾಸ್ಟ್ರು ಒಪ್ಪಿದರೆ ಇಲ್ಲೇ ಕೆಲಸ ಕಾಯಂ. ಇಲ್ಲದಿದ್ದರೆ ಸಿಡಿಲಜ್ಜಿಯ ಮನೆ. ಆ ಅಜ್ಜಿ ಎಸೆದ ಚಮಚ ಗುರಿ ತಪ್ಪಿದ ದಾಖಲೆಯೇ ಇರಲಿಲ್ಲ. ಹೋದವರೆಲ್ಲ ಹಣೆಗೆ ಪಟ್ಟಿ ಕಟ್ಟಿಕೊಂಡೇ ಬಂದಿದ್ದರು.

ಮಾಸ್ಟರಿಗೆ ಪಾರ್ಶ್ವವಾಯು ಹೊಡೆದು ಬಲಗೈ ಸೋತಿತ್ತು, ನಾಲಿಗೆ ಸೋತಿರಲಿಲ್ಲ.

“ಯಾವ ಅಂಗಿ ಹಾಕ್ಕೋತೀರಿ ಮಾಸ್ಟ್ರೇ? ನಿಮ್ಮಿಷ್ಟ.”

ಮಾಸ್ಟರ ಮುಖ ಗಂಟಿಕ್ಕಿತು. “ಆ ಮಾತು ನನ್ನ ಮುಂದೆ ಆಡ್ಬೇಡ. ಕಾಲರ್ ಹೇಗಿರ್ಲಿ ಅಂತ ಕೇಳಿದ್ರೆ ನಿಮ್ಮಿಷ್ಟ ಅಂದೋರೇ, ಹೊಲಿದ್ಮೇಲೆ ಬಿಚ್ಚಿಸ್ತಿದ್ರು. ಎರಡು ಅಂಗಿ ಮುಂದೆ ಹಿಡಿ. ನಾನು ತೋರಿಸ್ತೀನಿ.”

ಹಿಡಿದ. ಮಾಸ್ಟ್ರು ಗೆರೆಯ ಅಂಗಿ ತೋರಿಸಿ, ಎಡಗೈಯಲ್ಲಿ ಗುಂಡಿ ಹಾಕಿಕೊಳ್ಳತೊಡಗಿದರು. ಒಂದು ಗುಂಡಿ ಕಾಜಕ್ಕೆ ಸೇರುವಷ್ಟರಲ್ಲಿ ಉದ್ದಣ್ಣನ ಜೀವ ಚಡಪಡಿಸಿತು. ಬೆರಳು ತಡೆಯದೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

ಅಷ್ಟರಲ್ಲಿ ಮಾಸ್ಟರ ತಂಗಿ ಚೀಲ ಹಿಡಿದು ಬಂದು ಪಿಸುಗುಟ್ಟಿದರು. “ನಾನು ತರಕಾರಿ ತಂದುಬಿಡ್ತೀನಿ. ಅಣ್ಣ ಹೊರಗೆ ಹೋಗಿ ಬೀಳೋದು ಬೇಡ. ಮುಂಬಾಗಿಲಿಗೆ ಬೀಗ ಹಾಕ್ಲಾ?”

“ನಿಮ್ಮಿಷ್ಟ ಅಮ್ಮ.”

ಆಕೆ ಬೀಗ ಹಾಕಿ ಹೋದದ್ದೇ ತಡ, ಕಿಟಕಿಯಲ್ಲಿ ಪಕ್ಕದ ಮನೆಯ ವಕೀಲರ ತಲೆ ಮೂಡಿತು. “ಮಾಸ್ಟರ ತಲೆ ಪೊದೆ ಆಗಿದೆ. ಸಲೂನಿನವನನ್ನ ಮನೆಗೇ ಕಳಿಸ್ಲಾ?”

“ನಿಮ್ಮಿಷ್ಟ ಸಾರ್.”

ಕಿಟಕಿ ಖಾಲಿಯಾದ ಮೇಲೆ ಮಾಸ್ಟ್ರು ಕೊನೆಯ ಗುಂಡಿ ಗೆದ್ದು, ಊರುಗೋಲು ಎತ್ತಿಕೊಂಡರು. “ಸಲೂನಿಗೆ ಹೋಗೋಣ. ಕಾಯಿಲೆ ಬಿದ್ದಾಗಿಂದ ಆ ಕುರ್ಚಿ ಮೇಲೆ ಕೂತಿಲ್ಲ. ಹಿತ್ತಿಲ ಬಾಗಿಲಿದೆಯಲ್ಲ.”

ನಾಲ್ಕನೆಯ ‘ನಿಮ್ಮಿಷ್ಟ’ ನಾಲಿಗೆಯ ತುದಿಗೆ ಬಂದಿತ್ತು. ಉದ್ದಣ್ಣ ನುಂಗಿಕೊಂಡು ತಲೆಯಾಡಿಸಿದ.

ಮಾಸ್ಟ್ರು ಕಾಲೆಳೆಯುತ್ತ, ಇವನು ಚಪ್ಪಲಿ ಕಚ್ಚಿ ಕುಂಟುತ್ತ ಸಲೂನು ಮುಟ್ಟಿದಾಗ ಅಲ್ಲಿ ಬೀಗ. ಸಲೂನಿನವನು ವಕೀಲರ ಮಾತು ಕೇಳಿ ಮಾಸ್ಟರ ಮನೆಗೆ ಹೋಗಿದ್ದ. ಅಲ್ಲೂ ಬೀಗ ಕಂಡು ವಕೀಲರನ್ನು ಕೂಗಿದ. ಒಳಗಿಂದ ಸದ್ದಿಲ್ಲದ್ದರಿಂದ ವಕೀಲರು ಗಾಬರಿಬಿದ್ದು, “ಮಾಸ್ಟ್ರು ಕಾಣೆಯಾಗಿದ್ದಾರೆ” ಎಂದು ಬೀದಿಗೆಲ್ಲ ಟಾಂಟಾಂ ಹೊಡೆದರು.

ಕಾಣೆಯಾದವರೂ ಹುಡುಕುವವರೂ ಮುಖಾಮುಖಿಯಾದದ್ದು ಬಸ್ ನಿಲ್ದಾಣದ ಬೆಂಚಿನ ಹತ್ತಿರ. “ಕತ್ತರಿ ತಂದಿದ್ದೀಯ ತಾನೆ? ಇಲ್ಲೇ ಶುರುಮಾಡು” ಎಂದು ಮಾಸ್ಟ್ರು ಕೂತೇಬಿಟ್ಟರು.

ಬಸ್ಸಿಗೆ ಕಾದವರಿಗೆ ಬೇರೇನು ಕೆಲಸ. ಒಬ್ಬ ಹಿಂದೆ ಇನ್ನೂ ತೆಗಿ ಎಂದ. ಇನ್ನೊಬ್ಬಳು ಕಿವಿಯ ಹತ್ತಿರ ಬಿಡಿ ಎಂದಳು. ವಕೀಲರು ಮಧ್ಯೆ ಬೈತಲೆ ಇರಲಿ ಎಂದು ವಾದ ಹೂಡಿದರು. ಚೀಲದೊಂದಿಗೆ ಬಂದ ತಂಗಿ, “ಬೋಳಿಸಿಬಿಡಿ, ನೆಗಡಿ ಆಗಲ್ಲ” ಎಂದರು. ಸಲೂನಿನವನ ಕತ್ತರಿ ಯಾರ ಮಾತು ಕೇಳುವುದೋ ತಿಳಿಯದೆ ಗಾಳಿಯಲ್ಲೇ ಕಚಕಚ ಎಂದಿತು.

ಇನ್ನೇನು ಮೇಲ್ವಿಚಾರಕಿ ಬರುವ ಹೊತ್ತು. ಉದ್ದಣ್ಣನಿಗೆ ಏನು ತೋಚಿತೋ, ಸಲೂನಿನವನ ಕನ್ನಡಿ ಕಿತ್ತು ಮಾಸ್ಟರ ಮುಂದೆ ಹಿಡಿದ. “ತಲೆ ಇವರದ್ದು. ಇವರು ಹೇಳಿದ ಹಾಗೆ ಮಾಡಪ್ಪ.”

ಎಲ್ಲರೂ ತೆಪ್ಪಗಾದರು. ಮಾಸ್ಟ್ರು ಕನ್ನಡಿ ನೋಡಿಕೊಂಡು, ಎಡಕ್ಕೆ ಇಷ್ಟು, ಬಲಕ್ಕೆ ಅಷ್ಟು ಎಂದು ಹೇಳಿ ಹೇಳಿ ಕತ್ತರಿಸಿಕೊಂಡರು. ಮುಗಿದಾಗ ಅವರ ಕಣ್ಣು ಒದ್ದೆಯಾಗಿತ್ತು.

ಅದೇ ಹೊತ್ತಿಗೆ ಬಸ್ಸಿನಿಂದ ಮೇಲ್ವಿಚಾರಕಿ ಇಳಿದರು. “ಏನ್ಮಾಸ್ಟ್ರೇ, ಬೀದೀಲಿ ಕೂತಿದ್ದೀರಿ. ಇವನು ಬೇಕೋ, ಬದಲಾಯಿಸ್ಲೋ?”

“ಇವನೇ ಬೇಕು” ಎಂದರು ಮಾಸ್ಟ್ರು. ಉದ್ದಣ್ಣನ ಜೀವ ಹೂವಿನಂತೆ ಹಗುರಾಯಿತು. ಮಾಸ್ಟ್ರು ಅಲ್ಲಿಗೇ ನಿಲ್ಲಿಸಬಹುದಿತ್ತು. “ಆದ್ರೆ ಬೆಳಿಗ್ಗೆಯಿಂದ ಎಲ್ಲಕ್ಕೂ ನನ್ನನ್ನೇ ಕೇಳಿದ್ದಾನೆ. ಅವನನ್ನ ಯಾರೂ ಕೇಳಿಲ್ಲ. ಒಂದ್ಮಾತು ಅವನನ್ನೂ ಕೇಳಿ.”

“ಅದೂ ಸರೀನೇ” ಎಂದು ಮೇಲ್ವಿಚಾರಕಿ ತಿರುಗಿದರು. “ಹೇಳಪ್ಪ. ಇಲ್ಲಿರ್ತೀಯೋ, ಸಿಡಿಲಜ್ಜಿ ಮನೆಗೆ ಹೋಗ್ತೀಯೋ?”

ತಂಗಿ, ವಕೀಲರು, ಸಲೂನಿನವನು, ಬಸ್ಸಿಗೆ ಕಾದವರು, ಎಲ್ಲರೂ ಅವನನ್ನೇ ನೋಡಿದರು. ಅಷ್ಟು ಜನ ಒಟ್ಟಿಗೆ ಅವನ ಉತ್ತರಕ್ಕೆ ಎಂದೂ ಕಾದಿರಲಿಲ್ಲ. ‘ಇಲ್ಲೇ’ ಎಂಬುದು ಗಂಟಲವರೆಗೆ ಬಂತು. ಹೊರಬಿದ್ದದ್ದು ಬೇರೆ.

“ನಿಮ್ಮಿಷ್ಟ ಮೇಡಂ.”

ಮೇಲ್ವಿಚಾರಕಿಯ ಮುಖ ಅರಳಿತು. “ಬದುಕಿಸಿದೆ ಕಣಪ್ಪ. ಅಲ್ಲಿಗೆ ಹೋಗೋಕೆ ಯಾರೂ ಒಪ್ತಿರ್ಲಿಲ್ಲ. ನಾಳೆಯಿಂದ ಸಿಡಿಲಜ್ಜಿ ಮನೆ.”

ಮಾಸ್ಟ್ರು ಎಡಗೈಯಿಂದ ಹಣೆ ಚಚ್ಚಿಕೊಂಡರು. “ಇಂಥೋರಿಗೇ ಕಣಮ್ಮ ನಾನು ಜೀವನಪೂರ್ತಿ ಬಿಚ್ಚಿ ಹೊಲಿದದ್ದು.”

“ಬೆಳಿಗ್ಗೆ ಏಳಕ್ಕೆ ಹೋಗ್ತೀಯೋ, ಆರಕ್ಕೋ?” ಎಂದು ಮೇಲ್ವಿಚಾರಕಿ ಕೇಳಿದರು.

ಉದ್ದಣ್ಣ ಈ ಸಲ ಎರಡೂ ಕೈಯಿಂದ ಬಾಯಿ ಬಿಗಿಯಾಗಿ ಮುಚ್ಚಿಕೊಂಡ.

“ಏನೂ ಹೇಳ್ತಿಲ್ಲ ಅಂದ್ರೆ ಆರಕ್ಕೇ ಆಗಲಿ” ಎಂದರು ಅವರು.