ಮಿದುಳಿಗೆ ಕೈ ಹಾಕಿದ ಕಥೆಗಾರ

ಕಥೆ ಬರೆಯುವವರ ಮಾನ ಆಗಾಗ ಹೋಗುತ್ತಲೇ ಇರುತ್ತದೆ. ನಾನು ಮಾತ್ರ ಕ್ಲಾಸಿಗೆ ಸೇರಿ, ಕಲಿತು ಕಳೆದುಕೊಂಡೆ. ನನ್ನ ಕಥೆಯನ್ನು ಕೊನೆಯ ಸಾಲಿನವರೆಗೆ ಓದಿದವರು ಒಬ್ಬರೂ ಇರಲಿಲ್ಲ. ಒಬ್ಬರಾದರೂ ಓದಲಿ ಎಂಬ ಆಸೆಗೆ, ಮಿದುಳನ್ನು ಹಿಡಿದಿಡುವ ಕಥೆ ಬರೆಯುವುದು ಹೇಗೆಂದು ಕಲಿಸುವ ವಿಜಯನಗರದ ತರಗತಿಗೆ ನಾಲ್ಕು ಭಾನುವಾರ ಹೋದೆ.

ಮೊದಲ ಸಾಲಲ್ಲೇ ಅಪಾಯ

ಅಪಾಯ ಕಂಡರೆ ಮಿದುಳು ಎಚ್ಚೆತ್ತು ಕೂರುತ್ತದೆ ಎಂದು ತರಗತಿಯ ಮೇಡಂ ಹೇಳಿದ್ದರು. ಅವರೆಕಾಳು ಹಿಚುಕುತ್ತಿದ್ದ ಹೆಂಡತಿಯ ಮುಂದೆ ಕೂತು, "ಅವಳ ಬೆನ್ನ ಹಿಂದೆ ಏನೋ ಸದ್ದಾಯಿತು" ಎಂದು ಓದಿದೆ. ಅವಳು ಬೆಚ್ಚಿ ಎದ್ದಳು. ಗೆದ್ದೆ ಅಂದುಕೊಂಡೆ. ಅವಳು ಅಡುಗೆಮನೆಗೆ ಓಡಿ ಸ್ಟವ್ ಆರಿಸಿ ಬಂದು, "ಒಳ್ಳೇ ಟೈಮಿಗೆ ಓದಿದ್ರಿ, ಹಾಲು ಉಕ್ತಿತ್ತು" ಎಂದಳು. ಎರಡನೇ ಸಾಲು ಓದುವ ಮುಖ ನನಗಿರಲಿಲ್ಲ.

ಕುತೂಹಲ ಕೆರಳಿಸುವುದು

ಆಫೀಸಿನಲ್ಲಿ ಸುಂಕದಕಟ್ಟೆಯ ಚರಂಡಿಯ ಕಡತವೊಂದು ನನ್ನ ಕೈಗೆ ಬಂತು. ಸಾಹೇಬರು ತಕ್ಷಣ ಓದಲೆಂದು, "ತೆರೆಯುವ ಮುನ್ನ ಎರಡು ಸಲ ಯೋಚಿಸಿ" ಎಂಬ ಚೀಟಿ ಅಂಟಿಸಿ ಕಳಿಸಿದೆ. ಎರಡು ತಿಂಗಳಾದರೂ ಕಡತ ಅಲ್ಲಾಡಲಿಲ್ಲ. ಸುಂಕದಕಟ್ಟೆಯವರು ಮೂಗು ಮುಚ್ಚಿಕೊಂಡೇ ಬಂದು ನನ್ನನ್ನು ಬೈದರು. ತಲೆ ತಗ್ಗಿಸಿ ಸಾಹೇಬರನ್ನು ಕೇಳಿದೆ.

"ಎರಡು ಸಲ ಅಂದಿದ್ರಲ್ರೀ, ಇನ್ನೂ ಒಂದೇ ಸಲ ಆಗಿದೆ" ಎಂದರು.

ಅರ್ಧಕ್ಕೆ ನಿಲ್ಲಿಸುವುದು

ಓದುಗರಿಗೆ ಗೊತ್ತಿರುವವರನ್ನೇ ಪಾತ್ರ ಮಾಡಿ, ಅರ್ಧಕ್ಕೆ ಬಿಡಬೇಕು ಎನ್ನುವುದು ಕೊನೆಯ ಪಾಠ. ನಮ್ಮ ರಸ್ತೆಯ ವಾಟ್ಸಾಪ್ ಗುಂಪಿಗೆ ಮೊದಲ ಕಂತು ಹಾಕಿದೆ: "ಮೂಲೆಮನೆಯ ಯಜಮಾನರು ಇಂದು ವಾಕಿಂಗಿಗೆ ಬರಲಿಲ್ಲ. ಬಾಗಿಲು ತಳ್ಳಿದರೆ, ಅಯ್ಯೋ..." ಕಥೆ ಎಂದು ಬರೆಯುವುದನ್ನೇ ಮರೆತಿದ್ದೆ. ಕುತೂಹಲ ಬೆಳೆಯಲಿ ಎಂದು ಫೋನನ್ನೂ ಆಫ್ ಮಾಡಿ ಸ್ನಾನಕ್ಕೆ ಹೋದೆ.

ಹೊರಗೆ ಬಂದಾಗ ಮೂಲೆಮನೆಯ ಮುಂದೆ ಬಾಡಿಗೆ ಕುರ್ಚಿಗಳು ಇಳಿಯುತ್ತಿದ್ದವು. ಹತ್ತು ಜನ ಹಾರ ಹಿಡಿದು ನಿಂತಿದ್ದರು. ಯಜಮಾನರು ಆ ಕುರ್ಚಿಗಳಲ್ಲೇ ಒಂದರಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆಗಿರಲಿಲ್ಲ. ಎರಡೂ ಕೈ ಮುಗಿದು, ಅದು ಕಥೆ, ಈಗಲೇ ಎಲ್ಲರಿಗೂ ತಿಳಿಸಿಬಿಡುತ್ತೇನೆ ಎಂದು ಫೋನ್ ತೆಗೆದೆ.

ಅವರು ನನ್ನ ಕೈ ಹಿಡಿದುಕೊಂಡರು. "ತಡೀರಿ. ಯಾರೋ ನನ್ನ ತಮ್ಮಗ ಫೋನ್ ಮಾಡ್ಯಾರ, ಹುಬ್ಬಳ್ಳಿಯಿಂದ ಅವ ಅಳಕೋತ ಹೊಂಟಾನ. ನಾಕು ವರ್ಷ ಆತು, ನನ್ನ ಜೋಡಿ ಮಾತು ಬಿಟ್ಟು. ಅವ ಬಂದು ಮುಟ್ಟೋತನಕ ಮುಂದಿನ ಕಂತು ಹಾಕಬ್ಯಾಡ್ರಿ."