ಸಾಯಬೇಕಾದ ಸಾಲನ್ನು ಬದುಕಿಸಿದ್ದು

ಔಷಧ ಹೊಡೆಯುವುದರಲ್ಲಿ ಬನವಾಸಿಯ ಸುತ್ತಮುತ್ತ ನನ್ನನ್ನು ಮೀರಿಸುವವರಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬೇರೆಯವರ ಅಭಿಪ್ರಾಯವನ್ನು ನಾನು ಕೇಳಿಲ್ಲ. ಹಾಗಾಗಿ ಕೃಷಿ ವಿಜ್ಞಾನಿ ಮೇಡಂ ಒಬ್ಬರು ತಮ್ಮ ಹೊಸ ಭತ್ತದ ಪರೀಕ್ಷೆಗೆ ನನ್ನ ಗದ್ದೆಯನ್ನು ಆರಿಸಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ಪಕ್ಕದ ಗದ್ದೆಯ ಬಸಪ್ಪ ನಾಟಿ ಮುಗಿಸಿದವನು ಕೊಯ್ಲಿಗೇ ಮತ್ತೆ ಮುಖ ತೋರಿಸುವ ಆಸಾಮಿ. ಅವನಿಗೆ ಇಂಥ ಕೆಲಸ ಯಾರು ಕೊಡುತ್ತಾರೆ?

ಆ ಹೊಸ ಭತ್ತದ ಮೂಲ ತಳಿ ನನ್ನ ಹೆಂಡತಿ ಗಿರಿಜಾಳ ತವರಿನದು. ಅನ್ನಕ್ಕಿಟ್ಟರೆ ಓಣಿಗೆಲ್ಲ ಘಮ. ಆದರೆ ಬೂಷ್ಟಿನ ಜಾತಿಯ ಬೆಂಕಿ ರೋಗ ಬಿದ್ದು ತೆನೆಯ ಕುತ್ತಿಗೆಯೇ ಮುರಿಯುತ್ತಿದ್ದರಿಂದ ಅದನ್ನು ಬೆಳೆಯುವುದನ್ನೇ ಬಿಟ್ಟಿದ್ದೆವು. ಮೇಡಂ ಅದನ್ನು ಬೇರೊಂದು ಭತ್ತದ ಜೊತೆ ಕೂಡಿಸಿ, ರೋಗ ತಡೆಯುವ ಜೀನ್ ತಂದಿದ್ದರು. ಪರೀಕ್ಷೆ ಗೆದ್ದರೆ ಮೊದಲ ಬೀಜ ಗಿರಿಜಾಳಿಗೆ ಎಂದು ಮಾತಾಗಿತ್ತು. ಆಕೆ ತವರಿಗೆಲ್ಲ ಫೋನ್ ಮಾಡಿ ಹೇಳಿಯೂ ಆಗಿತ್ತು.

ಗದ್ದೆಯ ನಡುವೆ ಜೀನ್ ಇರುವ ಭತ್ತ, ಸುತ್ತ ಜೀನ್ ಇಲ್ಲದ ಹಳೆಯ ಭತ್ತದ ಸಾಲು.

“ಸುತ್ತಿನ ಸಾಲಿಗೆ ರೋಗ ಬರ್ಲಿ. ಅದರಿಂದ ನಡುವಿಂದಕ್ಕ ಹತ್ತತೈತೋ ಇಲ್ಲೋ ನೋಡೋದ ಪರೀಕ್ಷೆ. ಔಷಧ ಮಾತ್ರ ಹೊಡೀಬ್ಯಾಡ್ರಿ,” ಎಂದರು ಮೇಡಂ. ನಾನು ಎಲ್ಲ ತಿಳಿದವನಂತೆ ತಲೆಯಾಡಿಸಿದೆ.

ಸೀಗೆ ಹುಣ್ಣಿಮೆ ಹತ್ತಿರ ಬಂತು. ಒಳಗೇ ತೆನೆ ತುಂಬಿ ಹೊಡೆಯಾದ ಪೈರು ನಮಗೆ ಬಸುರಿ ಹೆಂಗಸಿದ್ದಂತೆ. ಬಯಕೆಯ ಊಟ ಒಯ್ದು, ಅದನ್ನೇ ಗದ್ದೆಗೆಲ್ಲ ಎರಚಿ ಚರಗ ಚೆಲ್ಲುವ ಹಬ್ಬ ಅದು. ಜೀನ್ ಭತ್ತ ನೋಡಲು ಗಿರಿಜಾಳ ಅಣ್ಣಂದಿರು ಸಂಸಾರ ಸಮೇತ ಬರುವವರಿದ್ದರು. ಹಬ್ಬಕ್ಕೆ ಮುಂಚೆ ಗದ್ದೆಗೆ ಹೋದವನು ಬದುವಿನ ಮೇಲೆ ಕೂತುಬಿಟ್ಟೆ. ಸುತ್ತಿನ ಸಾಲೆಲ್ಲ ಸುಟ್ಟಂತೆ ಕಂದು ಕಲೆ!

“ಬಸುರಿ ಪೈರನ್ನ ಈ ಗತಿಗೆ ತಂದಿಟ್ಟು, ಬೀಗರ ಮುಂದ ಯಾವ ಮುಖ ಇಟ್ಕೊಂಡು ಚರಗ ಚೆಲ್ಲಲಿ?” ಎಂದು ಮನೆಗೆ ಬಂದು ಕೂಗಾಡಿದೆ.

“ಔಷಧ ಬ್ಯಾಡ ಅಂದಾರಲ್ರಿ ಮೇಡಂ,” ಎಂದಳು ಗಿರಿಜಾ.

“ಅದು ನಡುವಿನ ಭತ್ತಕ್ಕ. ಸುತ್ತಿನದಕ್ಕಲ್ಲ,” ಎಂದು ನಾನೇ ತೀರ್ಪು ಕೊಟ್ಟೆ.

ಕುಕ್ಕರಗಾಲಲ್ಲಿ ಕೂತು ಕಲೆ ಬಿದ್ದ ಎಲೆಗಳನ್ನೆಲ್ಲ ಚಿವುಟಿದೆ. ಆಮೇಲೆ ಪಂಪು ಬೆನ್ನಿಗೇರಿಸಿ ಔಷಧ ಹೊಡೆದೆ. ನಡುವಿನ ಭತ್ತಕ್ಕೂ ಒಂದು ಕೈ ಹೊಡೆದೆ. ಭೇದಭಾವ ಮಾಡುವುದು ನಮ್ಮ ಮನೆತನದಲ್ಲೇ ಇಲ್ಲ.

ಹಬ್ಬದ ದಿನ ಗದ್ದೆ ಹಸಿರೋ ಹಸಿರು. “ಜೀನ್ ಅಂದ್ರ ಇದಪ್ಪಾ,” ಎಂದು ಭಾವಂದಿರು ಮತ್ತೊಂದು ಹೋಳಿಗೆ ಹಾಕಿಸಿಕೊಂಡರು.

ಹಬ್ಬ ಮುಗಿದ ಮೇಲೆ ಮೇಡಂ ಬಂದರು.

“ಹುಡುಕಿದ್ರೂ ಒಂದು ಕಲೆ ಸಿಗಂಗಿಲ್ಲ ನೋಡ್ರಿ,” ಎಂದೆ.

ಮೇಡಂ ನಿಜಕ್ಕೂ ಹುಡುಕಿದರು. ಸುತ್ತಿನ ಸಾಲಿಗೆ ಬಂದಾಗ ಎಲೆಗಳನ್ನು ತಿರುವಿ ತಿರುವಿ ನೋಡಿದರು. “ಇದರಾಗ ಜೀನ್ ಇಲ್ಲಲ್ರಿ. ಇದಕ್ಕ ರೋಗ ಬರಲೇಬೇಕಿತ್ತು.”

“ನಡುವಿನ ಭತ್ತದ ಸಹವಾಸದಿಂದ ಬಂದಿರಬೇಕ್ರಿ, ಜೀನು,” ಎಂದೆ, ಗಂಭೀರವಾಗಿ.

ಗಿರಿಜಾ ಸೆರಗಿನಿಂದ ಹಣೆ ಒರೆಸಿಕೊಂಡಳು. “ಸಹವಾಸ ಅಲ್ರಿ ಮೇಡಂ. ಪಂಪು.”

ರೋಗವೇ ಇಲ್ಲದ ಮೇಲೆ ಜೀನ್ ಯಾರನ್ನು ತಡೆದು ತೋರಿಸಬೇಕು? ಪರೀಕ್ಷೆ ಕೆಟ್ಟಿತು, ಗಿರಿಜಾಳ ಬೀಜವೂ ಒಂದು ವರ್ಷ ಮುಂದೆ ಹೋಯಿತು. ಆಕೆ ಬೈಯಲಿಲ್ಲ. ಬೈದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಬರುವ ಮಳೆಗಾಲಕ್ಕೆ ಪರೀಕ್ಷೆ ಬಸಪ್ಪನ ಗದ್ದೆಯಲ್ಲಂತೆ! ಮೈಮೇಲೆ ಬಿಸಿನೀರು ಬಿದ್ದವನಂತೆ ಮೇಡಂಗೆ ಫೋನ್ ಮಾಡಿ ಕಾರಣ ಕೇಳಿದೆ.

“ಅವರು ಏನೂ ಮಾಡಂಗಿಲ್ಲಂತಲ್ರಿ. ನಮಗ ಅಂಥವರ ಬೇಕು.”

ಅವನ ಹೆಸರು ಹೇಳಿದವಳು ಗಿರಿಜಾ. ನನ್ನ ಪಂಪು ಈಗ ಆಕೆಯ ತವರಿನಲ್ಲಿದೆ. ಬಸಪ್ಪನ ಬದುವಿನ ಮೇಲೆ ನಡೆಯುವಾಗ ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿರಬೇಕೆಂದು ಮನೆಯಲ್ಲಿ ಆಜ್ಞೆಯಾಗಿದೆ.